ನಾಲ್ಕು ಮೂಲೆಯ ಅರಿಶಿನ

ವಡಾಲದ ಆ ಹಳೆಯ ಕಾಲೊನಿಯಲ್ಲಿ ಅಮ್ಮಣ್ಣಿಯವರ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ, ಮೂಗಿದ್ದರೆ ಸಾಕು. ಸಾರಿನ ಪುಡಿ ಹುರಿಯುವ ಘಮ ಎರಡನೆಯ ಮಹಡಿಯಿಂದ ಗೇಟಿನವರೆಗೂ ಇಳಿದು ಬರುತ್ತದೆ. ನಂಜನಗೂಡಿನ ಕಡೆಯಿಂದ ಮದುವೆಯಾಗಿ ಮುಂಬಯಿಗೆ ಬಂದವರು. ಗಂಡ ನಂಜುಂಡಯ್ಯ ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದು, ನಿವೃತ್ತಿಯಾದ ಮೇಲೆ ತೀರಿಕೊಂಡರು. ಮಕ್ಕಳಿಲ್ಲ. ಪುಡಿ ಮಾಡಿ ಮಾಟುಂಗಾದ ಮನೆಗಳಿಗೆ ಕೊಟ್ಟು ಬದುಕುವ ಈ ಹೆಂಗಸಿಗೆ ಒಂದು ದೇಶದ ರಾಷ್ಟ್ರಾಧ್ಯಕ್ಷರ ಮನೆಯಿಂದ ಕಾಗದ ಬರುತ್ತದೆ ಎಂದರೆ ಕಾಲೊನಿಯವರು ನಂಬುತ್ತಿರಲಿಲ್ಲ. ಪೋಸ್ಟ್‌ಮನ್ ಒಬ್ಬ ನಂಬುತ್ತಿದ್ದ, ಅವನಿಗೆ ಸ್ಟ್ಯಾಂಪಿನ ಮೇಲೆ ಕಣ್ಣಿತ್ತು.

ದೇಶವೆಂದರೆ ದೊಡ್ಡದೇನಲ್ಲ. ಹಿಂದೂ ಮಹಾಸಾಗರದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಬಿದ್ದಿರುವ ನಾಲ್ಕಾರು ದ್ವೀಪ. ಹೆಸರು ಹೇಳಿದರೆ ಜನ ಹುಬ್ಬೇರಿಸಿ ಸುಮ್ಮನಾಗುತ್ತಾರೆ. ಅಲ್ಲಿಂದ ಲೂಸಿಯನ್ ಎಂಬ ಹುಡುಗ ಡಾಕ್ಟರಿಕೆ ಓದಲು ಮುಂಬಯಿಗೆ ಬಂದಿದ್ದ. ಜೊತೆಗೆ ಹೊಸದಾಗಿ ಮದುವೆಯಾದ ಹೆಂಡತಿ, ಸೊಲಾಂಜ್. ಇಬ್ಬರೂ ಅಮ್ಮಣ್ಣಿಯವರ ಎದುರು ಬಾಗಿಲಿನ ಬಾಡಿಗೆದಾರರು. ಸೊಲಾಂಜ್‌ಗೆ ಇಲ್ಲಿಯ ಭಾಷೆ ಬರದು, ಅಡುಗೆ ಬರದು, ಊರು ನೆನೆದು ಅಳುವುದು ಮಾತ್ರ ಚೆನ್ನಾಗಿ ಬರುತ್ತಿತ್ತು. ಅಮ್ಮಣ್ಣಿಯವರು ಅವಳನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಕೈಗೆ ಒಂದು ಜರಡಿ ಕೊಟ್ಟರು. ಸ್ನೇಹ ಶುರುವಾದದ್ದು ಹಾಗೆ, ಖಾರದ ಪುಡಿಗೆ ಒಟ್ಟಿಗೆ ಸೀನಿಕೊಂಡು.

ಬಸುರಿಯಾದ ಸುದ್ದಿಯನ್ನು ಸೊಲಾಂಜ್ ಊರಿಗೆ ಬರೆದಾಗ ಅಮ್ಮಣ್ಣಿಯವರು ಕಾಗದವನ್ನು ಅವಳ ಕೈಯಿಂದ ಕಿತ್ತುಕೊಂಡು ಅದರ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದರು. ಶುಭದ ಕಾಗದ ಹೀಗೇ ಹೋಗಬೇಕು. ಬಂದ ತಕ್ಷಣ ದೇವರ ಮುಂದೆ ಇಟ್ಟು, ಆಮೇಲೆ ಓದಬೇಕು. ಅಶುಭದ ಕಾಗದಕ್ಕೆ ಅರಿಶಿನ ಮುಟ್ಟಿಸಬಾರದು, ಓದಿದ ಕೂಡಲೇ ಹರಿದು ಹಾಕಬೇಕು, ಮನೆಯೊಳಗೆ ಇಟ್ಟುಕೊಳ್ಳಬಾರದು. ಬೊಂಬಾಯಿ ಹಿಂದಿಯಲ್ಲಿ ಕೈಬಾಯಿ ಆಡಿಸಿ ವಿವರಿಸಿದ್ದನ್ನು ಆ ಹುಡುಗಿ ಕಣ್ಣರಳಿಸಿ ಕೇಳಿದಳು, ಮರೆಯಲಿಲ್ಲ. ಆ ಮೊದಲ ಮಗು ನಿಲ್ಲಲಿಲ್ಲ. ಊರಿಗೆ ಹೋದ ಎಷ್ಟೋ ವರ್ಷದ ಮೇಲೆ ಹೆಣ್ಣು ಮಗುವಾದಾಗ ಬಂದ ಕಾಗದದ ಮೂಲೆಗಳು ಹಳದಿಯಾಗಿದ್ದವು. ಮಗುವಿಗೆ ಹೆಸರು ನೀವೇ ಇಡಿ ಎಂದು ಬರೆದಿದ್ದಳು. ಸಾಧನಾ ಎಂದು ಇವರು ಬರೆದರು. ಸೊಲಾಂಜ್‌ಳ ತಾಯಿ ಸತ್ತಾಗ ಬಂದ ಕಾಗದ ಬೋಳಾಗಿತ್ತು. ಲೂಸಿಯನ್ ಅಧ್ಯಕ್ಷನಾದಾಗ ಬಂದದ್ದು ಅಧ್ಯಕ್ಷರ ಭವನದ ಲಾಂಛನವಿದ್ದ ದಪ್ಪ ಕಾಗದ, ಅದರ ಮೂಲೆಗಳಿಗೂ ಹೆಬ್ಬೆಟ್ಟಿನಗಲ ಅರಿಶಿನ. ಅಲ್ಲಿಯ ಕಾರ್ಯದರ್ಶಿಗಳು ಏನೆಂದುಕೊಂಡರೋ ಎಂದು ನಂಜುಂಡಯ್ಯ ಕೆಮ್ಮು ಬರುವವರೆಗೆ ನಕ್ಕಿದ್ದರು.

ಸಾಧನಾ ಕಾಲೇಜಿಗೆಂದು ಮುಂಬಯಿಗೆ ಬಂದಾಗ ಹಾಸ್ಟೆಲಿನ ಮಾತೇ ಬರಲಿಲ್ಲ. ಅಮ್ಮಣ್ಣಿಯವರ ಮನೆಯ ಒಳಕೋಣೆ ಅವಳದಾಯಿತು, ಅವಳ ಹಿಂದಿ ಇಂಗ್ಲಿಷಿನೊಳಗೆ ಅಜ್ಜಿಯ ಕನ್ನಡವೂ ಸೇರಿಕೊಂಡಿತು. ತಾಯಿಗೂ ಮಗಳಿಗೂ ದಿನಾ ವಿಡಿಯೋ ಕಾಲ್ ಇತ್ತು, ಆದರೂ ಅಮ್ಮಣ್ಣಿಯವರಿಗೆ ಸೊಲಾಂಜ್ ಕಾಗದವನ್ನೇ ಬರೆಯುತ್ತಿದ್ದಳು.

ಹೀಗಿರುವಾಗ ಒಂದು ದಿನ ವಿಡಿಯೋ ಕಾಲ್ ಬರಲಿಲ್ಲ. ಮರುದಿನ ಆ ದೇಶಕ್ಕೆ ಯಾವ ಫೋನೂ ಹೋಗಲಿಲ್ಲ. ಮೂರನೆಯ ದಿನ ಸಾಧನಾ ಮೊಬೈಲಿನಲ್ಲಿ ಸುದ್ದಿ ತೋರಿಸಿದಳು: ಸೈನ್ಯ ಅಧ್ಯಕ್ಷರ ಭವನಕ್ಕೆ ನುಗ್ಗಿತ್ತು. ಅಧ್ಯಕ್ಷರು ಮತ್ತು ಅವರ ಹೆಂಡತಿ 'ಸುರಕ್ಷಿತವಾಗಿ' ಮನೆಯೊಳಗಿದ್ದಾರಂತೆ, ಹೊರಗೆ ಬರುವ ಹಾಗಿಲ್ಲವಂತೆ. ರಾಜೀನಾಮೆಗೆ ಸಹಿ ಹಾಕಲು ಲೂಸಿಯನ್ ಒಪ್ಪುತ್ತಿಲ್ಲವಂತೆ. ಹುಡುಗಿ ಊಟ ಬಿಟ್ಟಳು. ಅಮ್ಮಣ್ಣಿಯವರು ಮೆಂತ್ಯ ಹುರಿಯಲು ಕೂತು ಕರಕಲು ಮಾಡಿ ಚೆಲ್ಲಿದರು, ಮತ್ತೆ ಹುರಿದು ಮತ್ತೆ ಸುಟ್ಟರು.

ತಿಂಗಳ ಮೇಲೆ ಆ ದೇಶದ ಕಾನ್ಸುಲೇಟಿನಿಂದ ಕೋಟು ತೊಟ್ಟ ಅಧಿಕಾರಿಯೊಬ್ಬ ಬಂದು ಅಮ್ಮಣ್ಣಿಯವರ ಹೆಸರಿನ ಲಕೋಟೆ ಕೊಟ್ಟ. ಒಳಗೆ ವಿಮಾನದ ಟಿಕೆಟ್ಟೂ ಇತ್ತು. ಆ ದ್ವೀಪಕ್ಕೆ ಇರುವುದು ವಾರಕ್ಕೊಂದೇ ವಿಮಾನ. ನಾಡಿದ್ದು ಕಾರು ತರುತ್ತೇನೆಂದು ಹೇಳಿ ಹೋದ. ಸಾಧನಾ ಕಾಗದ ಓದಿದಳು. ಎಂದಿನ ಬೊಂಬಾಯಿ ಹಿಂದಿಯಲ್ಲ, ಯಾರು ಬೇಕಾದರೂ ಓದಬಹುದಾದ ಇಂಗ್ಲಿಷ್. 'ನಾವು ಚೆನ್ನಾಗಿದ್ದೇವೆ. ಹೊಸ ಸರ್ಕಾರದವರು ನಮ್ಮನ್ನು ಗೌರವದಿಂದ ನೋಡಿಕೊಳ್ಳುತ್ತಿದ್ದಾರೆ. ಲೂಸಿಯನ್‌ಗೆ ಹೃದಯದ ತೊಂದರೆ. ಮಗಳನ್ನು ನೋಡಬೇಕೆನ್ನುತ್ತಾರೆ. ದಯವಿಟ್ಟು ಅವಳನ್ನು ಕಳಿಸಿ.'

"ಮಮ್ಮಿದೇ ಹ್ಯಾಂಡ್‌ರೈಟಿಂಗ್, ಅಜ್ಜಿ. ಶೀ ಈಸ್ ಓಕೆ," ಎಂದು ಹುಡುಗಿ ಅಳುತ್ತ ನಕ್ಕಳು.

ಅಮ್ಮಣ್ಣಿಯವರು ಕಾಗದ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು. ನಾಲ್ಕು ಮೂಲೆಯೂ ಬೋಳು.

"ನೀನು ಹೋಗ್ಬೇಡ ಕಣೆ."

"ಕ್ಯಾ?"

"ಅರಿಶಿನ ಇಲ್ಲ. ಇದು ಶುಭದ ಕಾಗದ ಅಲ್ಲ. ಆ ಸೈನ್ಯದವರು ಹೇಳಿ ಬರೆಸಿದ್ದಾರೆ. ನಿನ್ನ ಹಿಡ್ಕೊಂಡ್ರೆ ನಿಮ್ಮಪ್ಪ ಸಹಿ ಹಾಕ್ತಾನೆ ಅಂತ ಕರೀತಿದ್ದಾರೆ."

ಸಾಧನಾ ಅವರನ್ನೇ ದಿಟ್ಟಿಸಿದಳು. "ಅಜ್ಜಿ, ಗನ್ ಇಟ್ಕೊಂಡು ಬಾಹರ್ ಬೈಠೇ ಹೈಂ. ಮಮ್ಮಿಗೆ ಅರಿಶಿನ ಎಲ್ಲಿ ಸಿಗುತ್ತೆ? ಪಪ್ಪಾ ಸಾಯ್ತಾ ಇದ್ದಾರೆ, ನೀವು ಹಲ್ದಿ ಅಂತೀರಾ?"

ಹುಡುಗಿಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಸಂಕಟವಿದ್ದದ್ದೇ ಅಲ್ಲಿ. ಒಂದು ಚಿಟಿಕೆ ಅರಿಶಿನದ ಮೇಲೆ ಯಾರಾದರೂ ಮಗಳನ್ನು ಅಪ್ಪನಿಂದ ದೂರ ಇಡುತ್ತಾರೆಯೇ? ಅಮ್ಮಣ್ಣಿಯವರು ಗದರಿಸಿದರು, ಬೇಡಿಕೊಂಡರು, ಕಾಲು ಹಿಡಿಯಲೂ ಹೋದರು. ಸಾಧನಾ ಬಟ್ಟೆ ಜೋಡಿಸುತ್ತಲೇ ಇದ್ದಳು. ಕೊನೆಗೆ ಅಮ್ಮಣ್ಣಿಯವರು ಅವಳ ಪಾಸ್‌ಪೋರ್ಟನ್ನು ಕದ್ದು ಸಾರಿನ ಪುಡಿಯ ದೊಡ್ಡ ಡಬ್ಬಿಯ ತಳಕ್ಕೆ ಹೂತಿಟ್ಟರು.

ಕಾರು ಬರುವ ದಿನ ಬೆಳಿಗ್ಗೆ ಅವರು ಮಾಡಿದ್ದನ್ನು ಮೆಚ್ಚಿಕೊಳ್ಳುವುದು ಕಷ್ಟ. ಸಾಧನಾ ಸ್ನಾನ ಮುಗಿಸಿ ಒಳಕೋಣೆಗೆ ಹೋಗುತ್ತಿದ್ದಂತೆ ಹೊರಗಿನಿಂದ ಚಿಲಕ ಹಾಕಿದರು. ಕೆಳಗಿನ ಬೇವಿನ ಮರದಿಂದ ಕೊಂಬೆ ಮುರಿಸಿ ತಂದು ಹೊರಬಾಗಿಲ ಮೇಲೆ ಕಟ್ಟಿದರು. ಅಧಿಕಾರಿ ಡ್ರೈವರನ ಜೊತೆ ಮೇಲೆ ಬಂದಾಗ ಬಾಗಿಲಿಗೆ ಅಡ್ಡ ನಿಂತು, "ಮಾತಾ ಆಯೀ ಹೈ," ಎಂದರು. ಡ್ರೈವರ್ ಬೇವು ನೋಡಿದವನೇ ಚಪ್ಪಲಿ ಕಳಚಿ ಕೈಮುಗಿದು ಎರಡು ಮೆಟ್ಟಿಲು ಹಿಂದೆ ಸರಿದ. ಚಿಕನ್ ಪಾಕ್ಸ್ ಎಂದು ಸಾಹೇಬನಿಗೆ ತಿಳಿಸಿ ಹೇಳಿದ. ಒಳಗಿನಿಂದ ಬಾಗಿಲು ಬಡಿಯುವ ಸದ್ದು ಕೇಳಿಸಿತು. "ಜ್ವರ ತಲೆಗೇರಿದೆ, ಬಡಬಡಿಸ್ತಾಳೆ," ಎಂದು ಅಮ್ಮಣ್ಣಿಯವರು ಹಿಂದಿಯಲ್ಲಿ ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಾಹೇಬ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಇಳಿದು ಹೋದ.

ವಿಮಾನ ಹೊರಟ ಮೇಲೆ ಚಿಲಕ ತೆಗೆದರು. ಸಾಧನಾ ಗಂಟಲು ಕಟ್ಟಿ ನೆಲದ ಮೇಲೆ ಕೂತಿದ್ದಳು.

"ಮಮ್ಮಿನ ಅವರು ಲಾಕ್ ಮಾಡಿದ್ದಾರೆ. ನನ್ನ ನೀವು ಲಾಕ್ ಮಾಡಿದ್ರಿ. ಏನು ಡಿಫರೆನ್ಸು, ಅಜ್ಜಿ?"

ಹುಡುಗಿ ಚೀಲ ಹೊತ್ತು ಅಂಧೇರಿಯ ಗೆಳತಿಯ ರೂಮಿಗೆ ಹೊರಟುಹೋದಳು. ಕಾನ್ಸುಲೇಟಿನಲ್ಲಿ ಬೇರೆ ಕಾಗದಪತ್ರ ಮಾಡಿಸಿಕೊಂಡು ಮುಂದಿನ ವಾರದ ವಿಮಾನ ಹತ್ತುತ್ತೇನೆಂದು ಮೆಟ್ಟಿಲಿನಲ್ಲಿ ನಿಂತು ಹೇಳಿದ್ದಳು, ತಿರುಗಿ ನೋಡಿರಲಿಲ್ಲ.

ಆ ವಾರ ಅಮ್ಮಣ್ಣಿಯವರು ದಿನಾ ಊಟದ ಡಬ್ಬಿ ಹಿಡಿದು ಹಾರ್ಬರ್ ಲೈನಿನ ಲೋಕಲ್‌ನಲ್ಲಿ ಅಂಧೇರಿಗೆ ಹೋದರು. ದಿನಾ ಬಿಲ್ಡಿಂಗಿನ ವಾಚ್‌ಮನ್ ಡಬ್ಬಿಯನ್ನು ಹಾಗೇ ವಾಪಸು ಕೊಟ್ಟ. ಬರುವಾಗ ರೈಲಿನಲ್ಲಿ ಕೂತು ಒಂದೇ ಯೋಚನೆ. ಸೊಲಾಂಜ್ ಹೆದರಿಕೆಯಲ್ಲಿ ಮರೆತಿದ್ದರೆ? ಅರಿಶಿನ ನಿಜವಾಗಿಯೂ ಸಿಕ್ಕದೇ ಹೋಗಿದ್ದರೆ? ಲೂಸಿಯನ್ ಬಾಗಿಲ ಕಡೆ ಕಣ್ಣಿಟ್ಟುಕೊಂಡೇ ಪ್ರಾಣ ಬಿಟ್ಟರೆ, ಆ ಪಾಪ ಯಾರ ತಲೆಗೆ? ಮಕ್ಕಳನ್ನು ಹೆರದ ನಾನು ಇನ್ನೊಬ್ಬಳ ಮಗಳನ್ನು ಬಿಟ್ಟುಕೊಡಲಾರದೆ ಹೀಗೆ ಮಾಡಿದೆನೇ ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ ದಿನ ಪಾಸ್‌ಪೋರ್ಟನ್ನು ಡಬ್ಬಿಯಿಂದ ತೆಗೆದು ಒರೆಸಿ ವಾಚ್‌ಮನ್ ಕೈಗೆ ಕೊಟ್ಟು ಬಂದರು. ಅದು ಮಾತ್ರ ವಾಪಸು ಬರಲಿಲ್ಲ.

ವಿಮಾನದ ದಿನ ಬೆಳಿಗ್ಗೆ ಅದೇ ಡ್ರೈವರ್ ಮೇಲೆ ಬಂದು, ಮಾತಾ ಇಳಿದಳೇ ಎಂದು ವಿಚಾರಿಸಿ, ಲಕೋಟೆ ಕೊಟ್ಟು ಹೋದ. ರಾತ್ರಿ ಬಂದ ವಿಮಾನದಲ್ಲಿ ಬಂದದ್ದು. ಲಕೋಟೆಯನ್ನು ಯಾರೋ ಒಡೆದು ಓದಿ ಮತ್ತೆ ಅಂಟಿಸಿದ್ದರು. ಅಮ್ಮಣ್ಣಿಯವರು ಕನ್ನಡಕ ಹಾಕಿಕೊಂಡು ಒಂದೊಂದೇ ಇಂಗ್ಲಿಷ್ ಪದ ಕೂಡಿಸಿ ಓದಿದರು. ಆಮೇಲೆ ಕನ್ನಡಕ ತೆಗೆದು ಕಾಗದವನ್ನು ಇನ್ನೊಮ್ಮೆ ನೋಡಿದರು. ಸೀರೆಯನ್ನೂ ಬದಲಾಯಿಸದೆ ಸ್ಟೇಷನ್ನಿಗೆ ಓಡಿದರು. ಅವರ ವಯಸ್ಸಿನವರು ಅದನ್ನು ಓಟವೆಂದೇ ಕರೆಯುತ್ತಾರೆ.

ಅಂಧೇರಿಯ ಬಿಲ್ಡಿಂಗಿನ ಕೆಳಗೆ ಸಾಧನಾ ಚೀಲವನ್ನು ಆಟೋದೊಳಗೆ ಇಡುತ್ತಿದ್ದಳು. ಅಜ್ಜಿಯನ್ನು ಕಂಡು ಮುಖ ತಿರುಗಿಸಿದಳು. ಅಮ್ಮಣ್ಣಿಯವರು ಏದುಸಿರು ಬಿಡುತ್ತ ಕಾಗದವನ್ನು ಅವಳ ಕೈಯಲ್ಲಿ ತುರುಕಿದರು.

'ನಿನ್ನ ಅಪ್ಪ ತೀರಿಕೊಂಡರು. ಕೊನೆಯವರೆಗೂ ನಿನ್ನ ಹೆಸರು ಹೇಳುತ್ತಿದ್ದರು. ನೀನು ಬರಲಿಲ್ಲ. ನಿನ್ನಂಥ ಮಗಳು ಯಾರಿಗೂ ಬೇಡ. ಇನ್ನು ಈ ದೇಶಕ್ಕೆ ಕಾಲಿಡಬೇಡ, ನನಗೆ ಮುಖ ತೋರಿಸಬೇಡ.' ಕೆಳಗೆ ತಾಯಿಯ ಸಹಿ. ಕೈಬರಹವೂ ತಾಯಿಯದೇ.

ಸಾಧನಾ ಫುಟ್‌ಪಾತಿನ ಮೇಲೆಯೇ ಕುಸಿದು ಕೂತಳು. ಗಂಟಲಿನಿಂದ ಹೊರಟ ಸದ್ದಿಗೆ ಆಟೋದವನು ಎಂಜಿನ್ ನಿಲ್ಲಿಸಿದ. ಅಮ್ಮಣ್ಣಿಯವರು ಪಕ್ಕದಲ್ಲಿ ಕೂತು, ಅವಳ ಕೈಯಲ್ಲಿ ಮುದುಡಿದ್ದ ಕಾಗದವನ್ನು ತೊಡೆಯ ಮೇಲಿಟ್ಟು ನಿಧಾನವಾಗಿ ಬಿಡಿಸಿದರು.

"ಬರೆದಿರೋದನ್ನ ಬಿಡು ಮಗಾ. ಮೂಲೆ ನೋಡು."

ನಾಲ್ಕು ಮೂಲೆಗೂ ಅರಿಶಿನ. ಚಿಟಿಕೆಯಲ್ಲ, ಹೆಬ್ಬೆಟ್ಟು ಒತ್ತಿ ಒತ್ತಿ ಹಚ್ಚಿದ್ದು, ಕಾಗದದ ಹಿಂಬದಿಗೂ ಇಳಿದಿತ್ತು. ಕಾವಲಿನವರಿಗೆ ಅದು ಅಡುಗೆಮನೆಯ ಕಲೆಯಾಗಿ ಕಂಡಿರಬೇಕು.

"ಅಲ್ಲಿ ಅರಿಶಿನ ಎಲ್ಲಿ ಸಿಗುತ್ತೆ ಅಂತ ಕೇಳಿದೆಯಲ್ಲ. ಅವಳ ಹತ್ರ ಇತ್ತು. ಹೋದ ಸಲ ಬೇಕೂಂತಲೇ ಹಚ್ಚಲಿಲ್ಲ," ಎಂದರು ಅಮ್ಮಣ್ಣಿಯವರು. "ಗಂಡ ಸತ್ತ ಸುದ್ದಿಗೆ ಯಾರಾದ್ರೂ ಅರಿಶಿನ ಹಚ್ತಾರೇನೆ? ಅದು ಅವನ ಸುದ್ದಿಗಲ್ಲ. ನೀನು ಹೋಗಲಿಲ್ಲವಲ್ಲ, ಅದಕ್ಕೆ."

ಸಾಧನಾ ಒಂದು ಮೂಲೆಯನ್ನು ಬೆರಳಿನಿಂದ ಉಜ್ಜಿದಳು. ಬೆರಳನ್ನು ಮೂಗಿನ ಹತ್ತಿರ ಹಿಡಿದಳು. ಆಮೇಲೆ ಅಜ್ಜಿಯ ಹೆಗಲಿಗೆ ತಲೆ ಕೊಟ್ಟು ಅತ್ತಳು. ಆಟೋದವನು ಏರ್‌ಪೋರ್ಟಿಗೆ ಹೋಗುವುದು ಹೌದೋ ಅಲ್ಲವೋ ಎಂದು ಕೇಳಿದ. ಅವಳೇ ತಲೆಯೆತ್ತಿ ವಡಾಲ ಎಂದಳು.

ಮನೆಗೆ ಬಂದ ಮೇಲೆ ಅಮ್ಮಣ್ಣಿಯವರು ಆ ಕಾಗದವನ್ನು ಹಿಡಿದು ನಿಂತರು. ಸಾವಿನ ಕಾಗದ, ಹರಿಯಬೇಕು. ಅರಿಶಿನದ ಕಾಗದ, ಹರಿಯುವ ಹಾಗಿಲ್ಲ. ಸಾಧನಾ ಅದನ್ನು ಅವರ ಕೈಯಿಂದ ತೆಗೆದುಕೊಂಡು ತಾನೇ ದೇವರ ಗೂಡಿನಲ್ಲಿಟ್ಟಳು. ಅಮ್ಮಣ್ಣಿಯವರು ಆವತ್ತು ದೀಪ ಹಚ್ಚಲಿಲ್ಲ. ಮನೆಗೆ ಸೂತಕವಿತ್ತು.