ಗೋಲ್‌ಕೀಪರನಿಗೆ ಅಮ್ಮ ಹೊತ್ತ ಹರಕೆ

ಎರಡು ಸಾವಿರದ ಇಸವಿಯ ಆಚೀಚೆ ನಾವು ವೆಸ್ಟ್ ಮಾಂಬಲಂನಲ್ಲಿದ್ದೆವು. ಅಪ್ಪ ರೈಲ್ವೆಯಲ್ಲಿ, ನಾನು ಇನ್ಶೂರೆನ್ಸ್ ಆಫೀಸಿನಲ್ಲಿ, ತಮ್ಮ ಮೂರು ಹೊತ್ತೂ ಫುಟ್‌ಬಾಲ್ ಮೈದಾನದಲ್ಲಿ. ಅವನು ಗೋಲ್‌ಕೀಪರ್. ಪ್ರತಿ ಪಂದ್ಯವಾದ ಮೇಲೆ ಅವನ ಗ್ಲೌಸ್ ಒಗೆಯುವುದು ಅಮ್ಮನ ಕೆಲಸ. ಬಕೆಟ್ಟಿನ ನೀರು ಮಣ್ಣಿಗೆ ಕೆಂಪಗಾದಷ್ಟೂ ಅವಳ ಬೈಗುಳ ಜೋರಾಗುತ್ತಿತ್ತು.

ಆ ವರ್ಷ ಲೀಗ್ ಮುಗಿದ ಮೇಲೆ ಚೆನ್ನಾಗಿ ಆಡಿದ ಹುಡುಗರನ್ನೆಲ್ಲ ಆರಿಸಿ, ಎರಡು ತಂಡ ಮಾಡಿ, ಒಂದು ಪ್ರದರ್ಶನ ಪಂದ್ಯ ಇಟ್ಟರು. ಗೋವಾದ ಕ್ಲಬ್ಬೊಂದರವರು ನೋಡಲು ಬರುತ್ತಾರೆ, ಅವರಿಗೆ ಬೇಕಾಗಿರುವುದು ಒಬ್ಬ ಗೋಲ್‌ಕೀಪರ್ ಎಂದು ಗೊತ್ತಾದಾಗಿನಿಂದ ತಮ್ಮನಿಗೆ ಅನ್ನ ಸೇರಲಿಲ್ಲ. ಅದುವರೆಗೆ ಮೈದಾನದ ಮುಖ ನೋಡದಿದ್ದ ಅಮ್ಮನೂ ಅಂದು ನನ್ನ ಜೊತೆ ಬಂದು ಕೂತಳು.

ಲೀಗ್‌ನಲ್ಲಿ ಗೋಲು ಹೊಡೆದ ಶೂರರೆಲ್ಲ ತಮ್ಮನ ತಂಡದಲ್ಲೇ ಸೇರಿಬಿಟ್ಟಿದ್ದರು. ಆಟವೆಲ್ಲ ಎದುರು ತಂಡದ ಗೋಲಿರುವ ಆ ತುದಿಯಲ್ಲೇ ನಡೆಯಿತು. ಅಲ್ಲಿಯ ಗೋಲ್‌ಕೀಪರ್ ಗೋಲು ಬಿಟ್ಟ ನಿಜ, ಆದರೆ ಬಿದ್ದು ಎದ್ದು ಮಣ್ಣಾಗಿ, ಬಿಟ್ಟಿದ್ದಕ್ಕಿಂತ ಹೆಚ್ಚು ಹಿಡಿದ. ಈ ತುದಿಯಲ್ಲಿ ನನ್ನ ತಮ್ಮ ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದ.

"ನೋಡಿದ್ಯಾ, ಒಂದೂ ಬಂದಿಲ್ಲ!" ಅಮ್ಮನ ಮುಖ ಅರಳಿತ್ತು. "ನಂಜುಂಡನಿಗೆ ಹರಕೆ ಹೊತ್ತಿದ್ದೀನಿ ಕಣೇ. ನನ್ನ ಮಗನ ಕಡೆ ಬಾಲೇ ಬರದೆ ಇರ್ಲಿ ಅಂತ."

ನನಗೆ ಮೈಯೆಲ್ಲ ಉರಿಯಿತು. "ಅಯ್ಯೋ ನಿನ್ನ! ಬಾಲ್ ಬಂದ್ರೆ ತಾನೇ ಅವನು ಹಿಡಿಯೋದು? ಹಿಡಿದ್ರೆ ತಾನೇ ಗೋವಾದವರು ನೋಡೋದು?" ಎಂದು ಕಿರುಚಿದೆ. ಮುಂದೆ ಕೂತವರು ತಿರುಗಿ "ಎನ್ನಾಚ್ಚು ಮಾ?" ಎಂದು, ಏನಾಯಿತೋ ಎಂಬ ಗಾಬರಿಯಿಂದ, ತಮಿಳಿನಲ್ಲಿ ಕೇಳಿದರು.

ಅಮ್ಮ ಕಣ್ಣು ಮುಚ್ಚಿ ಕೈ ಮುಗಿದಳು. "ತಪ್ಪಾಯ್ತಪ್ಪ ನಂಜುಂಡ. ಬರ್ಲಿ. ಆದ್ರೆ ಮೆಲ್ಲಗೆ ಬರ್ಲಿ."

ಬಂತು. ಆಟ ಇನ್ನೇನು ಮುಗಿಯಬೇಕು, ಯಾರೋ ದೂರದಿಂದ ಒದ್ದ ಚೆಂಡು ಉರುಳುತ್ತಾ ಉರುಳುತ್ತಾ ತಮ್ಮನ ಕಾಲ ಬಳಿಗೆ ಬಂತು. ಅವನು ಬಗ್ಗಿ ಎತ್ತಿಕೊಂಡ. ಅಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದಳು, ಅಷ್ಟು ಜನರಲ್ಲಿ ಅವಳೊಬ್ಬಳೇ.

ಪಂದ್ಯ ಮುಗಿದ ಮೇಲೆ ಗೋವಾದವರು ಆ ತುದಿಯ ಹುಡುಗನ ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಹೋದರು. ಸೋತ ತಂಡದವನು ಅವನು. ನನಗೆ ಅಳು ತಡೆಯಲಾಗಲಿಲ್ಲ. ಮೂವರೂ ರೈಲು ಹತ್ತಿ ವಾಪಸು ಬಂದೆವು.

ಮನೆಗೆ ಬಂದವಳೇ ಅಮ್ಮ ತಮ್ಮನ ಬ್ಯಾಗಿನಿಂದ ಗ್ಲೌಸ್ ತೆಗೆದಳು. ತಿರುಗಿಸಿ ತಿರುಗಿಸಿ ನೋಡಿದಳು.

"ಬಿಡಮ್ಮ, ಕ್ಲೀನಾಗೇ ಇದೆ, ಒಗಿಯೋದೇನೂ ವೇಣಾಂ" ಎಂದ ತಮ್ಮ.

"ಸುಮ್ನಿರೋ" ಎಂದು ಅಮ್ಮ ಬಚ್ಚಲಿಗೆ ಹೋಗಿ, ಮಣ್ಣೇ ಆಗದ ಆ ಗ್ಲೌಸಿಗೆ ಸೋಪು ಹಾಕಿ ಉಜ್ಜತೊಡಗಿದಳು. ಅಪ್ಪ ಡ್ಯೂಟಿ ಮುಗಿಸಿ ಬಂದಾಗಲೂ ಉಜ್ಜುತ್ತಲೇ ಇದ್ದಳು.