ಚುಟಿಗಿ ಹಾಕಿದಲ್ಲೇ ಕೊಯ್ದರು

ಆಗ ನನಗೆ ಅರವತ್ತೆರಡು. ಐದು ವರ್ಷದ ಹಿಂದಿನ ಮಾತು. ಮುಂಬೈ ದವಾಖಾನೆಯಲ್ಲಿ ನನ್ನ ಮೊಮ್ಮಗಳು ಭಾಗ್ಯಾಳ ತಲೆಬುರುಡೆಗೆ ತೂತು ಹೊಡೆದು ನಳಿಗೆ ತುರುಕಿದ್ದರು. ತಲೆಯೊಳಗಿನ ನೀರು ಚೀಲಕ್ಕೆ ಹನಿಯುತ್ತಿತ್ತು. ಏಳು ವರ್ಷದ ಕೂಸು. ಕುರಿ ಕೊಯ್ಯುವುದನ್ನು ನಿಂತು ನೋಡಿದವಳು ನಾನು. ಇದನ್ನು ನೋಡಲಾಗಲಿಲ್ಲ.

ನಮ್ಮ ದೇವರ ಹಿಪ್ಪರಗಿ ಕಡೆ ತಲೆಶೂಲೆ, ಮೂರ್ಛೆ ಅಂದರೆ ಕಬ್ಬಿಣ ಕಾಯಿಸಿ ಚುಟಿಗಿ ಹಾಕುತ್ತಾರೆ. ಊರಲ್ಲಿ ಹಾಕುವವಳು ನಾನೇ. ಸಂತೆಯ ದಿನ ಮನೆ ಮುಂದೆ ಮಂದಿ ಕೂತಿರುತ್ತಿದ್ದರು. ಭಾಗ್ಯಾ ದಿನಾ ಮುಂಜಾನೆ ವಾಂತಿ ಮಾಡಿ, ಕುಡಿದವರ ಹಾಗೆ ತೂರಾಡತೊಡಗಿದಾಗ ಅವಳನ್ನು ಕೆಡವಿ, ಬೆನ್ನಿಗೆ ಮೊಣಕಾಲು ಊರಿ, ಕುಡಗೋಲ ತುದಿಯಿಂದ ಹಿಂಗುತ್ತಿಗೆಯನ್ನು ಮೂರು ಸಲ ಸುಟ್ಟೆ. ಅರಚಿ ಅರಚಿ ಸುಮ್ಮನಾದಳು. ಗುಣ ಆತು ಅಂದೆ. ಎಂಟು ದಿನಕ್ಕೆ ಗಾಯ ಕೀವಾಯಿತು, ಕಣ್ಣು ಮಂಜಾಯಿತು. ಆಗ ಮುಂಬೈಗೆ ಒಯ್ದೆವು.

ಮುಂಬೈ ಡಾಕ್ಟರು ಮರಾಠಿಯಲ್ಲಿ "ಗಾಠ್" ಅಂದರು. ಅಂದರೆ ಗಡ್ಡಿ. ಹಿಂದಲೆಯೊಳಗೆ, ನಿಂಬೆಹಣ್ಣಿನಷ್ಟು. ಕನ್ನಡ ಬರುವ ನರ್ಸಬಾಯಿ ಬಿಡಿಸಿ ಹೇಳಿದಳು: "ಆಯಿ, ಕೊಯ್ಯೋದು ನೀ ಸುಟ್ಟ ಜಾಗದಾಗನ. ಕೀವು ಮಿದುಳಿಗಿ ಇಳದ್ರ ಕೂಸು ಸಾಯ್ತೈತಿ. ಗಾಯ ಮಾಯೂತನಕ ಕಾಯಬೇಕು. ಗಡ್ಡಿ ಕಾಯ್ತೈತೋ ಇಲ್ಲೋ, ಯಾರಿಗ್ಗೊತ್ತು?"

ನನ್ನ ಮಗಳು, ಭಾಗ್ಯಾಳ ತಾಯಿ ಶಾಂತಾ ಅಲ್ಲೇ ಚಪ್ಪಲಿ ಕಳಚಿ ನನ್ನ ಮುಖಕ್ಕೆ ಹೊಡೆದಳು. "ಊರ ಮಕ್ಕಳನ್ನ ಸುಟ್ಟಿದ್ದು ಸಾಲಲಿಲ್ಲೇನ ನಿನಗ?"

ತುಟಿ ಒಡೆಯಿತು. "ಇನ್ನೊಂದು ಹೊಡಿ" ಅಂದೆ. ಹೊಡೆದಳು.

ಕಾಯುವ ದಿನಗಳಿಗೆ ಒಂದು ಖೋಲಿ ಹಿಡಿದೆವು. ಖೋಲಿ ಅಂದರೆ ಕಾಲು ಚಾಚಿದರೆ ಗೋಡೆ ಒದೆಯುವ ಕೋಣೆ. ತಿನ್ನಲು ಪಾವ್, ಹತ್ತಿ ಜಗಿದಂಗ. ಊರಲ್ಲಿ ನನ್ನನ್ನು ಕಂಡರೆ ಜನ ತಾವೇ ದಾರಿ ಬಿಡುತ್ತಿದ್ದರು. ಇಲ್ಲಿ ನಳದ ಹತ್ತಿರ ಒಬ್ಬಾಕೆ ನನ್ನ ಜುಟ್ಟು ಹಿಡಿದು ಎಳೆದಳು. ನಾನು ಕಲಿತ ಮೊದಲ ಮರಾಠಿ ಮಾತು "ಸರಕ್". ಆಚೆ ಸರಿ ಅಂತ. ಮೊಣಕೈಯಿಂದ ತಿವಿದು ಹಾಗಂದೆ, ಕೊಡ ತುಂಬಿತು.

ಹತ್ತನೇ ದಿನ ಗಾಯ ಒಣಗಿತು. ಎಂಟು ತಾಸು ಕೊಯ್ದರು. ಕೂಸು ಉಳಿಯಿತು. ಒಂದು ಕಣ್ಣು ಮೆಳ್ಳಾಯಿತು, ಇವತ್ತಿಗೂ ಗೋಡೆ ಹಿಡಿದು ನಡೆಯುತ್ತಾಳೆ.

ಕೊಯ್ದ ದಿನ ಸಂಜೆ ಶಾಂತಾ ಅಂದಳು: "ಇನ್ನ ವರ್ಷಗಟ್ಲೆ ಇಲ್ಲೇ ತೋರಸಬೇಕಂತ. ನೀ ಊರಿಗಿ ಹೋಗು. ನನ್ನ ಕೂಸನ್ನ ಮುಟ್ಟಬ್ಯಾಡ."

ಊರಿಗೆ ಹೋದರೆ ಬಾಗಿಲಲ್ಲಿ ಮಂದಿ ಕೂಸುಗಳನ್ನು ಹೊತ್ತು ಕೂತಿರುತ್ತಾರೆ. ಇಲ್ಲಿದ್ದರೆ ಮಗಳು ಮುಖ ನೋಡುವುದಿಲ್ಲ.

ಮರುದಿನ ಮುಂಜಾನೆ ದವಾಖಾನೆಯ ಹಿಂದಿನ ಗಲ್ಲಿಯ ಖಾನಾವಳಿಗೆ ಹೋಗಿ, ಕೆಲಸಾ ಕೊಡ್ರಿ, ಜೋಳದ ರೊಟ್ಟಿ ಬಡಿಯಾಕ ಬರ್ತೈತ್ರಿ ಅಂದು, ಅವರು ಹೂಂ ಅನ್ನುವ ಮೊದಲೇ ಹಿಟ್ಟಿಗೆ ಕೈ ಹಾಕಿದೆ.