ನಿರೀಕ್ಷಿತ ಉತ್ತರ

ಕಳೆದ ವಾರ, ನಮ್ಮ ಶಾಲೆಗೆ ಹೊಸದಾಗಿ ಬಂದ ಗಣಿತ ಶಿಕ್ಷಕಿ ತನ್ನ ಪಾಠ ಟಿಪ್ಪಣಿಯ ಪುಸ್ತಕವನ್ನು ಸಹಿಗೆಂದು ಮುಖ್ಯೋಪಾಧ್ಯಾಯನಾದ ನನ್ನ ಮೇಜಿನ ಮೇಲಿಟ್ಟು ಹೋದಳು. ತೆರೆದರೆ ಸ್ಕೆಚ್ ಪೆನ್ನಿನ ವಾಸನೆ. ಆ ವಾಸನೆಗೆ ಬೇರೆಯವರಿಗೆ ಬಾಲ್ಯ ನೆನಪಾದೀತು. ನನಗೆ ನೆನಪಾದದ್ದು ನನ್ನ ಕೀರ್ತಿ.

ನಗಬೇಡಿ. ಎರಡು ಸಾವಿರನೇ ಇಸವಿಯ ಆಚೀಚೆಯ ಆ ವರ್ಷಗಳಲ್ಲಿ ರೋಣ, ನರಗುಂದ, ಗಜೇಂದ್ರಗಡದ ಸುತ್ತಿನಲ್ಲಿ ನನ್ನಷ್ಟು ಚಂದ ಪಾಠ ಟಿಪ್ಪಣಿ ಬರೆಯುವವರು ಇರಲಿಲ್ಲ. ಪಾಠ ಟಿಪ್ಪಣಿ ಎಂದರೆ, ನಾಳೆ ತರಗತಿಯಲ್ಲಿ ಏನು ಮಾಡುತ್ತೇನೆಂದು ಶಿಕ್ಷಕ ಇಂದೇ ಬರೆದಿಡುವ ಯೋಜನೆ. ಉದ್ದೇಶಕ್ಕೆ ಕೆಂಪು, ಚಟುವಟಿಕೆಗೆ ಹಸಿರು, ಮೌಲ್ಯಮಾಪನಕ್ಕೆ ನೀಲಿ. ನಾನು ಕೇಳುವ ಪ್ರಶ್ನೆಗೆ ಒಂದು ಅಂಕಣ, ಅದರ ಪಕ್ಕದಲ್ಲೇ 'ಮಕ್ಕಳ ನಿರೀಕ್ಷಿತ ಉತ್ತರ' ಎಂಬ ಇನ್ನೊಂದು. ಮಕ್ಕಳಿಗೆ ತೊಂದರೆಯಾಗದಿರಲೆಂದು ಅವರ ಉತ್ತರವನ್ನೂ ನಾನೇ ಬರೆದುಬಿಡುತ್ತಿದ್ದೆ. ನನ್ನ ಪುಸ್ತಕದಲ್ಲಿ ವರ್ಷಪೂರ್ತಿ ಒಂದು ಮಗುವೂ ತಪ್ಪು ಹೇಳಿದ್ದಿಲ್ಲ. ತರಗತಿಯ ಮಕ್ಕಳಿಗೆ ಮಾತ್ರ ಈ ಪುಸ್ತಕ ಓದುವ ಭಾಗ್ಯವಿರದ ಕಾರಣ ಅವರು ತಮಗೆ ತೋಚಿದ್ದನ್ನು ಹೇಳುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳದೆ ಮುಂದಿನ ಅಂಕಣಕ್ಕೆ ಹೋಗುತ್ತಿದ್ದೆ. ಸಮಯಪಾಲನೆಯೂ ಒಂದು ಸದ್ಗುಣವಲ್ಲವೇ?

ಆಗ ನಾನಿದ್ದ ಶಾಲೆಯಲ್ಲೇ ಆರನೇ ತರಗತಿಗೆ ಗಣಿತ ಹೇಳುತ್ತಿದ್ದವರು ಖೈರುನ್ನಿಸಾ ಅಕ್ಕೋರು. ನಮ್ಮ ಕಡೆ ಶಿಕ್ಷಕಿಯರನ್ನು ಹಾಗೆಯೇ ಕರೆಯುವುದು. ದಿನಾ ಗಜೇಂದ್ರಗಡದಿಂದ ಬಸ್ಸಿಗೆ ಬರುತ್ತಿದ್ದರು. ಅವರ ಟಿಪ್ಪಣಿಯಲ್ಲಿ ದಿನಕ್ಕೆ ಎರಡು ಸಾಲು. ಕೆಲವು ದಿನ ಅದೂ ಇಲ್ಲ. ಅವರ ಕೈಚೀಲದಲ್ಲಿ ಮಾತ್ರ ಹಳೆಯ ಕ್ಯಾಲೆಂಡರಿನ ಹಾಳೆಯ ಚೂರುಗಳು ಮಡಚಿಕೊಂಡಿರುತ್ತಿದ್ದವು. ಪಾಪ, ಇನ್ನೂ ಯೋಜನೆಯ ಮಹತ್ವ ತಿಳಿದಿಲ್ಲ ಎಂದು ನಾನು ಮರುಗುತ್ತಿದ್ದೆ.

ಒಂದು ದಿನ ತಪಾಸಣೆಗೆ ಶಿಕ್ಷಣ ಇಲಾಖೆಯ ಸಾಹೇಬರು ಬಂದರು. ತರಗತಿಯವರೆಗೆ ನಡೆಯುವ ಕಷ್ಟ ಯಾಕೆಂದು ಆಫೀಸಿನಲ್ಲೇ ಕುಳಿತು, ಚಹಾ ಕುಡಿಯುತ್ತ, ಎಲ್ಲರ ಬೋಧನೆಯನ್ನೂ ಪುಸ್ತಕದಲ್ಲೇ ನೋಡಿ ಮುಗಿಸಿದರು. ನನ್ನದಕ್ಕೆ 'ಅತ್ಯುತ್ತಮ' ಎಂದು ಬರೆದರು. ಅಕ್ಕೋರ ಪುಸ್ತಕವನ್ನು ಎರಡೇ ಬೆರಳಲ್ಲಿ ಎತ್ತಿದರು.

"ಇದೇನ್ರಿ ಇದು? ಆ ಸರ್ ಬರದದ್ದು ನೋಡ್ರಿ, ನಿಮ್ಮದು ನೋಡ್ರಿ. ಹದಿನೈದು ದಿನದಾಗ ಪೂರ್ತಿ ವರ್ಷದ್ದು ಬರದು ತೋರಸ್ರಿ. ಇಲ್ಲಾಂದ್ರ ನೋಟಿಸ್ ಕೊಡತೀನಿ."

ಅಕ್ಕೋರು "ಹೌದ್ರಿ" ಎಂದಷ್ಟೇ ಹೇಳಿ ತರಗತಿಗೆ ಹೋದರು. ನನ್ನ ಬಣ್ಣದ ಪೆನ್ನುಗಳು ಇನ್ನೊಬ್ಬರ ಕುತ್ತಿಗೆಗೆ ಬಂದದ್ದು ಕಂಡು ನನಗೂ ಮುಜುಗರವಾಯಿತು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ, "ಅಕ್ಕೋರ, ನಿಮ್ಮ ಟಿಪ್ಪಣಿ ನಾ ಬರದು ಕೊಡತೀನ್ರಿ. ನನಗ ಅದು ಭಾಳ ಹಗೂರ ಕೆಲಸ," ಎಂದೆ.

"ಬರೀರಿ ಸರ. ಆದ್ರ ನಾ ಹ್ಯಾಂಗ ಕಲಸ್ತೀನಿ ಅಂತ ನೋಡದನ ಹ್ಯಾಂಗ ಬರೀತೀರಿ? ನಾಳೆ ಬಂದು ಹಿಂದ ಕೂಡ್ರಿ."

ಕುಳಿತೆ, ಒಂದೆರಡು ಸಲಹೆ ಕೊಟ್ಟು ಉಪಕಾರ ಮಾಡೋಣವೆಂಬ ಉದಾರ ಮನಸ್ಸಿನಿಂದ. ಅಕ್ಕೋರು ಕ್ಯಾಲೆಂಡರಿನ ಚೂರೊಂದನ್ನು ತೆಗೆದರು. ಅದರ ಹಿಂಬದಿಯಲ್ಲಿ ಹಿಂದಿನ ದಿನ ಮಕ್ಕಳು ಕೊಟ್ಟ ತಪ್ಪು ಉತ್ತರಗಳಿದ್ದವು, ಯಾರ ಹೆಸರೂ ಇಲ್ಲದೆ. ಒಂದನ್ನು ಹಲಗೆಯ ಮೇಲೆ ಬರೆದರು: ಎರಡನೇ ಒಂದಕ್ಕೆ ಮೂರನೇ ಒಂದು ಕೂಡಿಸಿದರೆ ಐದನೇ ಎರಡು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿದ ಲೆಕ್ಕ. ನಾನಾಗಿದ್ದರೆ ಅದಕ್ಕೊಂದು ಗೀಟು ಎಳೆದು ಸೂತ್ರ ಬರೆಸುತ್ತಿದ್ದೆ.

"ಅರ್ಧ ರೊಟ್ಟಿ ತಿಂದಿ, ಮ್ಯಾಲ ಇನ್ನೊಂದು ತುಣುಕು ತಿಂದಿ," ಎಂದರು ಅಕ್ಕೋರು. "ಒಟ್ಟು ತಿಂದದ್ದು ಅರ್ಧಕ್ಕಿಂತ ಹೆಚ್ಚೋ, ಕಡಿಮಿಯೋ?"

"ಹೆಚ್ರಿ," ಎಂದಿತು ಇಡೀ ತರಗತಿ.

"ಹಂಗಾರ ಐದು ಪಾಲಿನಾಗ ಎರಡು ಪಾಲು ಅಂದ್ರ?"

ತರಗತಿ ಸುಮ್ಮನಾಯಿತು. ಅಕ್ಕೋರೂ ಸುಮ್ಮನೆ ನಿಂತರು. ಆ ಮೌನವನ್ನು ಯಾವ ಅಂಕಣದಲ್ಲಿ ಬರೆಯುವುದೆಂದು ನಾನು ಯೋಚಿಸುತ್ತಿದ್ದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಮೆಲ್ಲಗೆ ಎದ್ದಳು. "ಅದು ಅರ್ಧಕ್ಕಿಂತ ಕಡಿಮಿ ಆತಲ್ರಿ. ಹೆಚ್ಚು ತಿಂದು ಕಡಿಮಿ ತಿಂದಂಗ ಹ್ಯಾಂಗ ಆಗತೈತ್ರಿ?"

ಆ ತಪ್ಪು ಉತ್ತರ ಅವಳದೇ ಎಂದು ಆಮೇಲೆ ತಿಳಿಯಿತು. ತನ್ನ ತಪ್ಪನ್ನು ತಾನೇ ಹಿಡಿದ ಖುಷಿಯಲ್ಲಿ ಅವಳು ಆ ಲೆಕ್ಕವನ್ನು ಮತ್ತೆ ಮಾಡತೊಡಗಿದಳು. ನನ್ನ ತರಗತಿಯಲ್ಲಿ ಯಾರೂ ಹಾಗೆ ಖುಷಿಪಟ್ಟ ನೆನಪಿಲ್ಲ. ಅದು ಯೋಜನೆಯಲ್ಲಿ ಇರಲಿಲ್ಲ.

ಆದರೂ ಟಿಪ್ಪಣಿ ಬರೆದೆ, ಮೂರು ಬಣ್ಣಗಳಲ್ಲಿ, ಎಲ್ಲ ಉತ್ತರಗಳೂ ಸರಿ. ಸಾಹೇಬರು ಎಷ್ಟು ಮೆಚ್ಚಿದರೆಂದರೆ, ನರಗುಂದದಲ್ಲಿ ಗಣಿತ ಶಿಕ್ಷಕರನ್ನೆಲ್ಲ ಸೇರಿಸಿ, ಪಾಠ ಯೋಜಿಸುವುದು ಹೇಗೆಂದು ತಿಳಿಸಲು ಅಕ್ಕೋರನ್ನೇ ನಿಲ್ಲಿಸಿದರು. ನನ್ನ ಅಕ್ಷರದ ಹೊಗಳಿಕೆ ಕೇಳಲು ನಾನೂ ಹೋಗಿದ್ದೆ.

ಅಕ್ಕೋರು ಪುಸ್ತಕ ಎತ್ತಿ ಹಿಡಿದರು. "ಇದು ನಾ ಬರದದ್ದಲ್ರಿ. ನೋಟಿಸ್ ತಪ್ಪಲಿ ಅಂತ ನಮ್ಮ ಸಾಲಿ ಸರ ಬರದು ಕೊಟ್ರು. ನಾ ಪಾಠ ಕಟ್ಟೂದು ಇದರ ಮ್ಯಾಲ್ರಿ," ಎಂದು ಚೂರುಗಳನ್ನು ಮೇಜಿನ ಮೇಲೆ ಹರಡಿದರು. "ಇವತ್ತು ಮಕ್ಕಳು ಎಲ್ಲಿ ತಪ್ಪಿದ್ರು ಅಂತ ನೋಡಿದ ಮ್ಯಾಲ ನಾಳೆ ಏನು ಹೇಳಬೇಕು ಅಂತ ಗೊತ್ತಾಗತೈತಿ. ವರ್ಷದ್ದು ಒಮ್ಮೆಲೆ ಹ್ಯಾಂಗ ಬರೀಲ್ರಿ?"

ಸಾಹೇಬರ ಮುಖ ಕಪ್ಪಿಟ್ಟಿತು. ಅವರು ನನ್ನತ್ತ ನೋಡಿದರು. 'ಅವರು ಹೇಳೂದು ಖರೇ ಐತ್ರಿ' ಎಂದು ನಾನು ಎದ್ದು ಹೇಳಬಹುದಿತ್ತು. ಬದಲಿಗೆ ನನ್ನ ಚಪ್ಪಲಿಯ ಉಂಗುಟದ ಪಟ್ಟಿಯನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸಿದೆ.

ತಿಂಗಳೊಳಗೆ ಅಕ್ಕೋರನ್ನು ಕೊಣ್ಣೂರಿನ ಕಡೆಯ ಶಾಲೆಯೊಂದಕ್ಕೆ ನಿಯೋಜಿಸಿದರು. ಗಜೇಂದ್ರಗಡದಿಂದ ಬಸ್ಸು ಬದಲಿಸುತ್ತ ಹೋಗುವ ದೂರ. ನನಗೇನೂ ಆಗಲಿಲ್ಲ; ಅಕ್ಷರ ದುಂಡಗಿರುವುದು ಅಪರಾಧವಲ್ಲ. ಅವರ ಆರನೇ ತರಗತಿ ನನ್ನ ಪಾಲಿಗೆ ಬಂತು. ಮೊದಲ ದಿನ ಪಾಠ ಮುಗಿಸಿ ಹೊರಟಾಗ ಅದೇ ಹುಡುಗಿ ಎದ್ದು ನಿಂತಳು.

"ಸರ್, ನಮ್ಮ ತಪ್ಪು ಬರಕೊಳ್ಳೂದಿಲ್ಲೇನ್ರಿ?"

ಜೇಬು ತಡಕಿದೆ. ಮೂರು ಬಣ್ಣದ ಪೆನ್ನುಗಳಿದ್ದವು, ಒಂದು ಚೂರು ಕಾಗದವಿರಲಿಲ್ಲ. ಅಂಗೈ ಮೇಲೆ ಬರೆದುಕೊಂಡೆ.

ಇದೆಲ್ಲ ನೆನಪಾಗಿ, ಕಳೆದ ವಾರ ಸಹಿ ಮಾಡುವ ಮೊದಲು ಅಕ್ಕೋರಿಗೆ ಫೋನ್ ಮಾಡಿದೆ. ನಿವೃತ್ತರಾಗಿ ಗಜೇಂದ್ರಗಡದಲ್ಲೇ ಇದ್ದಾರೆ. ಮೊಣಕಾಲು ನೋವು, ಬಿಸಿಲು ಎಲ್ಲ ಮಾತಾಡಿ ಮುಗಿದ ಮೇಲೆ ಬಾಯಿ ಬಿಟ್ಟೆ.

"ಅವತ್ತ ನರಗುಂದದಾಗ ನಾ ಎದ್ದು ನಿಂದರಬೇಕಾಗಿತ್ರಿ ಅಕ್ಕೋರ."

"ಹೌದ್ರಿ, ನಿಂದರಬೇಕಾಗಿತ್ತು," ಎಂದರು. ಇರಲಿ ಬಿಡಿ ಎಂಬ ಸಮಾಧಾನದ ಮಾತನ್ನು ಅವರು ಆಡಲಿಲ್ಲ. ಬದಲಿಗೆ ಕೇಳಿದರು: "ಈಗಾದ್ರೂ ಪಾಠ ಮಾಡೂದು ಕಲ್ತೀರೇನ್ರಿ ಸರ?"

"ಕಲ್ಯಾಕ ಹತ್ತೀನ್ರಿ," ಎಂದೆ.

ನನ್ನ ನಿವೃತ್ತಿಗೆ ಇನ್ನು ಎರಡು ತಿಂಗಳಿದೆ.